ಕಿವಿ ಮುಟ್ಟುವ ಪರೀಕ್ಷೆ

ಹೆಂಡತಿಯ ಹನ್ನೊಂದನೇ ದಿನದ ಕಾರ್ಯ ಮುಗಿಸಿ ನಾನು ಶಾಲೆಗೆ ಮರಳಿದಾಗ ಒಂದನೇ ತರಗತಿಯ ದಾಖಲಾತಿ ನಡೆದಿತ್ತು. ಕಲ್ಯ ಎಂಬ ಹಳ್ಳಿಯ ಅಜ್ಜಿಯೊಬ್ಬರು ಮೊಮ್ಮಗಳನ್ನು ಕರೆತಂದರು. ಬಲಗೈ ತಲೆಯ ಮೇಲಿಂದ ಹೋಗಿ ಎಡಗಿವಿ ಮುಟ್ಟಿದರೆ ಮಗುವಿಗೆ ಆರು ತುಂಬಿದೆ ಎನ್ನುವುದು ನಮ್ಮ ಕಡೆಯ ಹಳೆಯ ಲೆಕ್ಕ. ಜನನ ಪತ್ರ ಮುಂದೆಯೇ ಇದ್ದರೂ, ಅಭ್ಯಾಸಬಲದಿಂದ ತಲೆ ಎತ್ತದೆ, “ಕಿವಿ ಮುಟ್ಟು ಪುಟ್ಟಿ” ಎಂದೆ.

“ಒಸಿ ಕಣ್ ಬುಟ್ಟು ನೋಡಿ ಮೇಷ್ಟ್ರೇ!” ಎಂದರು ಅಜ್ಜಿ.

ಎರಡೂ ಮುಂದೋಳುಗಳಲ್ಲಿ ಒಂದೊಂದು ಮೂಳೆ ಹುಟ್ಟಿನಿಂದಲೇ ಇಲ್ಲದೆ, ಮಗುವಿನ ಅಂಗೈಗಳು ಮೊಣಕೈ ಹತ್ತಿರವೇ ಇದ್ದವು. ರಕ್ತದಲ್ಲಿ ಪ್ಲೇಟ್‌ಲೆಟ್ಟೂ ಕಡಿಮೆಯಂತೆ. ಬಿದ್ದರೆ ರಕ್ತ ನಿಲ್ಲದು ಎಂದು ಹೆದರಿ ಎರಡು ಶಾಲೆಯವರು ವಾಪಸು ಕಳಿಸಿದ್ದರು.

“ಈಗ ಎಷ್ಟೋ ವಾಸಿ. ಸ್ಕೂಲಿಗೆ ಹಾಕಿ ಅಂತ ಡಾಕ್ಟ್ರೇ ಅಂದವ್ರೆ,” ಎಂದರು ಅಜ್ಜಿ. ನಾನೂ ಹಿಂಜರಿದೆ.

ಅಷ್ಟರಲ್ಲಿ ಮಗು ನೆಲದ ಮೇಲೆ ಕೂತು, ಕಾಲೆತ್ತಿ, ಕಾಲ್ಬೆರಳಿನಿಂದ ಕಿವಿ ಮುಟ್ಟಿತು. “ಈಗ ನೀವು ಮುಟ್ಟಿ ಸಾ!”

“ಸುಮ್ಕಿರವ್ವ, ಆಮೇಲೆ ಅವ್ರನ್ನ ನಾವೇ ಎತ್ಬೇಕಾಯ್ತದೆ!”

ಎಷ್ಟೋ ದಿನಗಳ ಮೇಲೆ ನಾನು ನಕ್ಕುಬಿಟ್ಟೆ. ದಾಖಲಾತಿ ಪುಸ್ತಕ ತೆರೆದು ಮುಂದಿಟ್ಟೆ. ಅಜ್ಜಿ ಹೆಬ್ಬೆಟ್ಟು ಒತ್ತಿದರು. ಪಕ್ಕದಲ್ಲಿ ಮೊಮ್ಮಗಳು ತನ್ನ ಹೆಸರು ಬರೆದಳು.