ಮಟಕಿಯಲ್ಲಿ ನಾನು ಚಾಲೂ ಮಾಡದ ಮೋಟಾರ್

ದೆವ್ವದ ಮಾತೆತ್ತಿದವರನ್ನು ನಾನು ಗೇಲಿ ಮಾಡುತ್ತಿದ್ದೆ. ಸತ್ತವರಿಗೆ ಬೇರೆ ಉದ್ಯೋಗವಿಲ್ಲವೇ ಎನ್ನುತ್ತಿದ್ದೆ. ನೀವೂ ಹಾಗೆ ನಗುವವರಾದರೆ ನನ್ನದೇನೂ ತಕರಾರಿಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಆಗ ನಿಜಾಮರ ಕಾಲ. ನಾನು ಆಳಂದದಲ್ಲಿ ಮೋಟಾರ್ ಮಿಸ್ತ್ರಿ. ಯುದ್ಧದ ದೆಸೆಯಿಂದ ಪೆಟ್ರೋಲ್ ಸಿಗದಂತಾದಾಗ ಹತ್ತಿರದ ಮಟಕಿ ಊರಿನ ಶರಣಪ್ಪ ಗೌಡರು ತಮ್ಮ ಕಾರನ್ನು ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿಬಿಟ್ಟಿದ್ದರು. ನಾಲ್ಕು ವರ್ಷ ಅದು ಅಲ್ಲೇ ಇತ್ತು. ಅಷ್ಟರಲ್ಲಿ ಅದರ ಡ್ರೈವರ್ ಖಾಸೀಂಸಾಬನೂ ಜ್ವರ ಬಂದು ತೀರಿಕೊಂಡಿದ್ದ. ಗೌಡರ ಹೆಂಡತಿ ನೀಲಮ್ಮ ದಿನ ತುಂಬಿದ ಬಸುರಿ. ಕೂಸು ಅಡ್ಡ ಇದೆ ಎಂದು ಸೂಲಗಿತ್ತಿ ಹೇಳಿದ್ದಳು. ಗುಲಬರ್ಗಾ ದವಾಖಾನೆಗೆ ಒಯ್ಯಬೇಕಾದೀತೆಂದು ಗೌಡರು ಎಲ್ಲಿಂದಲೋ ಪೆಟ್ರೋಲ್ ಹೊಂದಿಸಿ ನನ್ನನ್ನು ಕರೆಸಿದರು. ನಾನು ಎಂಜಿನ್ ಪೂರ್ತಿ ಬಿಚ್ಚಿ, ಹೊಸ ಬೇರಿಂಗ್ ಹಾಕಿ ಕಟ್ಟಿದೆ.

ಕಟ್ಟಿ ಮುಗಿದ ಮರುದಿನ ಬೆಳಿಗ್ಗೆಯೇ ಆಕೆಗೆ ನೋವು ಶುರುವಾಯಿತು. ಚಕ್ಕಡಿ ಹೂಡಿ ನಿಲ್ಲಿಸಿದ್ದರು. ನನಗೋ ಧಿಮಾಕು. "ಎರಡು ತಾಸಿನಾಗ ಮೋಟಾರ್ ತಯಾರ್ ಆಗ್ತದ. ಚಕ್ಕಡ್ಯಾಗ ಯಾಕ ಕುಲುಕಾಡಿಸ್ತೀರಿ?" ಎಂದೆ. ಎತ್ತು ಬಿಚ್ಚಿದರು.

ಬಹಳ ದಿನ ನಿಂತ ಎಂಜಿನ್ನಿಗೆ ಒಮ್ಮೆಲೇ ಬೆಂಕಿ ಕೊಡಬಾರದು. ಪ್ಲಗ್ ಬಿಚ್ಚಿಟ್ಟು, ಒಳಗೆ ಒಂದಿಷ್ಟು ಎಣ್ಣೆ ಬಿಟ್ಟು, ಮುಂದಿನ ಹ್ಯಾಂಡಲ್ಲನ್ನು ಕೈಯಿಂದ ನಿಧಾನ ತಿರುಗಿಸಬೇಕು. ಎಣ್ಣೆ ಎಲ್ಲ ಕಡೆ ಏರಬೇಕು. ಒಳಗೆ ಟಕ್ ಎಂದರೂ ಬಿಚ್ಚಿ ನೋಡದೆ ಚಾಲೂ ಮಾಡಕೂಡದು, ಮಾಡಿದರೆ ನಡುದಾರಿಯಲ್ಲಿ ಎಂಜಿನ್ ಒಡೆದೀತು. ಹಾಗೆ ತಿರುಗಿಸುತ್ತಿದ್ದಾಗ ಒಳಗಿನಿಂದ ಮೂರು ಏಟು ಕೇಳಿದವು. ಕೈ ಬಿಟ್ಟೆ. ಹ್ಯಾಂಡಲ್ ನಿಂತೇ ಇತ್ತು. ಮತ್ತೆ ಮೂರು ಏಟು.

ಬಾಗಿಲಲ್ಲಿ ನಿಂತಿದ್ದ ಗೌಡರ ತಾಯಿ, "ಖಾಸೀಂ ಬಡ್ಯಾಕತ್ತಾನ" ಎಂದರು. ಹ್ಯಾಂಡಲ್ ಹೊಡೆಯುವ ಮೊದಲು ಅವನು ಹೀಗೆಯೇ ಬಾನೆಟ್ ಬಡಿಯುತ್ತಿದ್ದನಂತೆ, ಒಳಗೆ ಬೆಕ್ಕೋ ಇಲಿಯೋ ಕೂತಿದ್ದರೆ ಎದ್ದು ಹೋಗಲೆಂದು.

ಗೌಡರಿಗೆ ಮಾತ್ರ ಏನೂ ಕೇಳಿರಲಿಲ್ಲ. "ಕೈ ಮುಗೀತೇನಿ ಮಿಸ್ತ್ರಿ, ಚಾಲೂ ಮಾಡ್ರಿ" ಎಂದರು. ನಾನು ಒಪ್ಪಲಿಲ್ಲ. ಸತ್ತವನನ್ನು ನಂಬಿ ಅಲ್ಲ, ನನ್ನ ಕಿವಿಯನ್ನು ನಂಬಿ. ಎಣ್ಣೆ ಇಳಿಸಿ, ಎಂಜಿನ್ ಕೆಳಗಿನ ಎಣ್ಣೆ ತೊಟ್ಟಿ ಬಿಚ್ಚಿ, ಒಂದೊಂದೇ ಬೇರಿಂಗ್ ಮುಟ್ಟಿ ನೋಡಿದೆ. ಒಂದು ಬೋಲ್ಟೂ ಸಡಿಲವಿರಲಿಲ್ಲ. ಮತ್ತೆ ಚಕ್ಕಡಿ ಹೂಡಬೇಕೆನ್ನುವಷ್ಟರಲ್ಲಿ, ಇನ್ನು ಆಕೆಯನ್ನು ಎತ್ತುವ ಹಾಗಿಲ್ಲ ಎಂದಳು ಸೂಲಗಿತ್ತಿ. ನಾನು ಕೊನೆಯ ಬೋಲ್ಟ್ ಬಿಗಿಯುತ್ತಿದ್ದಾಗ ಮನೆಯೊಳಗಿನಿಂದ ಅಳು ಎದ್ದಿತು. ತಾಯಿಯೂ ಹೋಗಿದ್ದಳು, ಕೂಸೂ ಹೋಗಿತ್ತು.

ಆ ಸಂಜೆ ಅಫಜಲಪುರಕ್ಕೆ ಹೋಗಿ ನೀಲಮ್ಮನ ತಂದೆಯನ್ನು ಮಣ್ಣಿಗೆ ಕರೆತರುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಹೊಡೆತಕ್ಕೇ ಕಾರು ಚಾಲೂ ಆಯಿತು. ಹೋಗುವಾಗ ಬರುವಾಗ ಒಮ್ಮೆಯೂ ಕೆಮ್ಮಲಿಲ್ಲ. ಹಾಳಾದದ್ದು ಎಲ್ಲಾದರೂ ಕೆಟ್ಟು ನಿಲ್ಲಲಿ ಎಂದು ನಾನೇ ಬೇಡಿಕೊಂಡೆ. ಹಿಂದೆ ಕೂತಿದ್ದ ಆ ಹಿರಿಯರು ಕೇಳಿದರು:

"ಗಾಡಿ ಚಲೋ ಓಡಾಕತ್ತದಲ್ರಿ. ಮುಂಜಾನಿ ಏನಾಗಿತ್ತು?"