ಹೂಳೆತ್ತಿದವರ ಪೈಕಿ

ಗುಡಿ ಪಾಳುಬಿದ್ದರೆ ಯಾರು ಬೇಕಾದರೂ ಒಳಗೆ ಹೋಗಬಹುದು. ನಾಯಿ ಹೋಗುತ್ತದೆ, ಕುರಿ ಹೋಗುತ್ತದೆ, ಇಸ್ಪೀಟು ಆಡುವವರು ಹೋಗುತ್ತಾರೆ. ಮತ್ತೆ ದೀಪ ಹಚ್ಚಿದ ದಿನದಿಂದ ನೀನ್ಯಾರು ಎಂದು ಕೇಳುವವರು ಹುಟ್ಟಿಕೊಳ್ಳುತ್ತಾರೆ. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ.

ಯಗಟಿಯ ಹಾಲಮ್ಮನ ತವರು ಅಜ್ಜಂಪುರದ ಆಚೆ ಒಂದು ಸಣ್ಣ ಊರು. ಅಲ್ಲಿ ಹಳೇ ಕಲ್ಲುಗುಡಿ, ಮುಂದೆ ಮೆಟ್ಟಿಲು ಕಟ್ಟಿದ ಕಲ್ಯಾಣಿ. ಬೇಸಿಗೆಯಲ್ಲಿ ನೀರು ಬತ್ತಿದಾಗ ಹೂಳೆತ್ತಲು ಕೇರಿಯವರಿಗೆ ಕರೆ ಬರುತ್ತಿತ್ತು. ಅಪ್ಪ ಓಬಳಪ್ಪ ಗುದ್ದಲಿ ಹಿಡಿದರೆ ಹುಡುಗಿ ಹಾಲಮ್ಮ ಮಂಕರಿ ಹೊರುತ್ತಿದ್ದಳು. ತಳದಲ್ಲಿ ಸೆಲೆ ಒಡೆದು ನೀರು ಒಸರತೊಡಗಿತೋ, "ಹತ್ರಲೇ ಮೇಲಕ್ಕೆ" ಅಂತ ಕೂಗು. ಕೆಸರು ಅವರದು, ನೀರು ಊರಿನದು. ಅವರು ಹತ್ತಿಬಂದ ಮೆಟ್ಟಿಲಿಗೆ ಊರಿನವರು ಗಂಜಲ ಚಿಮುಕಿಸುತ್ತಿದ್ದರು.

ಆಮೇಲೆ ಊರಿನವರು ರಸ್ತೆ ಬದಿಗೆ ಹೊಸ ಗುಡಿ ಕಟ್ಟಿಕೊಂಡು ಹಳೆಯದನ್ನು ಕೈಬಿಟ್ಟರು. ಕಲ್ಯಾಣಿಯಲ್ಲಿ ಮುಳ್ಳು ಬೆಳೆಯಿತು. ಹಾಲಮ್ಮ ಯಗಟಿಗೆ ಸೊಸೆಯಾಗಿ ಬಂದು ಕುರಿ ಸಾಕಿದಳು, ಗಂಡನನ್ನು ಮಣ್ಣು ಮಾಡಿದಳು, ಮಗನನ್ನು ಓದಿಸಿದಳು. ಮನೆಯಲ್ಲೀಗ ಬುದ್ಧನ ಪಟವಿದೆ. ಆ ಗುಡಿಯ ದೇವರಿಂದ ಅವಳಿಗೆ ಏನೂ ಬೇಕಿಲ್ಲ.

ಆದರೆ ಮುಳ್ಳು ಕಡಿದು ಶುಚಿಮಾಡಿದ ಮೇಲೆ ಮತ್ತೆ ತುಂಬಿ ನಿಂತ ಆ ಕಲ್ಯಾಣಿಯ ವಿಡಿಯೊವನ್ನು ಮೊಮ್ಮಗಳು ಯಶೋಧರಾ ಮೊಬೈಲಿನಲ್ಲಿ ತೋರಿಸಿದ್ದೇ ತಡ, ಮುದುಕಿ ಕೂತಲ್ಲಿ ಕೂರಲಿಲ್ಲ.

"ಆ ನೀರಲ್ಲಿ ಒಂದ್ಸಲ ಕಾಲಿಡ್ಬೇಕು ಕಣೇ. ಮಂಡಿ ಇನ್ನೂ ಮಾತು ಕೇಳ್ತೈತೆ. ನಾಳೆ ಕೇಳ್ತೈತೋ ಇಲ್ವೋ."

ಭಾನುವಾರ ಮಗ ಚಂದ್ರಕುಮಾರ್ ಗೆಳೆಯನ ಹಳೇ ವ್ಯಾನ್ ಬೇಡಿ ತಂದ. ಬೀರೂರು ದಾಟುತ್ತಿದ್ದಂತೆ ಅದು ಹೊಗೆಯುಗುಳಿ ನಿಂತಿತು.

"ಅವ್ವಾ, ವಾಪಸ್ ಹೋಗೋಣ."

"ನೀನು ಹೋಗಪ್ಪ. ನಾನು ಬಸ್ಸಿಗೆ ಹೋಯ್ತೀನಿ."

ವ್ಯಾನನ್ನು ಮೆಕ್ಯಾನಿಕ್ಕಿಗೆ ಒಪ್ಪಿಸಿ ಎಲ್ಲರೂ ಬಸ್ಸು ಹತ್ತಿದರು. ಅಜ್ಜಂಪುರದಲ್ಲಿ ಇಳಿದ ಮೇಲೆ ಸೊಸೆ ಕೋಮಲಾಗೆ ನೆನಪಾಯಿತು, ಚಿತ್ರಾನ್ನದ ಡಬ್ಬಿ ವ್ಯಾನಿನಲ್ಲೇ ಉಳಿದಿದೆ. "ಮೆಕ್ಯಾನಿಕ್ ತಿನ್ಲಿ ಬಿಡು, ರಿಪೇರಿಗೆ ಹುರುಪು ಬತ್ತದೆ" ಎಂದಳು ಹಾಲಮ್ಮ. ಊರಿಗೆ ಬಸ್ಸಿರಲಿಲ್ಲ. ತೆಂಗಿನಕಾಯಿ ಇಳಿಸಿ ವಾಪಸ್ಸಾಗುತ್ತಿದ್ದ ಲಗೇಜ್ ಆಟೊ ಸಿಕ್ಕಿತು. ಹಾಲಮ್ಮ ಖಾಲಿ ಚೀಲದ ಮೇಲೆ ಕೂರುವಳು, ಕಂಬಿ ಹಿಡಿದು ಏಳುವಳು, "ಕಾಣ್ತೈತೇನೇ?" ಎನ್ನುವಳು.

"ಅತ್ತೆ, ಕೂತ್ಕಳಿ. ಬಿದ್ರೆ ಕಲ್ಯಾಣಿ ಅಲ್ಲ, ಆಸ್ಪತ್ರೆ ನೋಡ್ಬೇಕಾಯ್ತದೆ" ಎಂದು ಕೋಮಲಾ ಸೆರಗು ಜಗ್ಗಿದಳು.

ಕೊನೆಗೂ ಬಂತು. ಕುಸಿದ ಗೋಡೆ ಕುಸಿದೇ ಇತ್ತು, ಕಂಬಗಳು ಅಡ್ಡಬಿದ್ದಿದ್ದವು. ಗರ್ಭಗುಡಿಗೆ ಮಾತ್ರ ಹೊಸ ಸುಣ್ಣ, ಒಳಗೊಂದು ದೀಪ. ಕಲ್ಯಾಣಿಯ ಸುತ್ತ ಕಬ್ಬಿಣದ ಬೇಲಿ. ಗೇಟು ತೆರೆದೇ ಇತ್ತು. ಯಾರದೋ ಸಂಸಾರ ಕೆಳಗಿಳಿದು ಮುಖ ತೊಳೆಯುತ್ತಿತ್ತು. ಗೇಟಿನ ಪಕ್ಕ ಕೂತಿದ್ದ ಜೀರ್ಣೋದ್ಧಾರ ಸಮಿತಿಯ ಯಜಮಾನರು ನಗುತ್ತ ಎದ್ದರು.

"ಬನ್ನಿ ಬನ್ನಿ. ಎಲ್ಲಿಂದ ಬಂದ್ರಿ?"

"ಯಗಟಿಯಿಂದ ಸಾರ್" ಎಂದ ಚಂದ್ರಕುಮಾರ್.

"ಓ, ಯಗಟಿ. ಯಗಟೀಲಿ ಯಾರ ಪೈಕಿ?"

ಚಂದ್ರಕುಮಾರ್ ಕಡೂರಿನ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುತ್ತಾನೆ. ಬಾಡಿಗೆ ಮನೆ ಹುಡುಕುವಾಗ ಈ ಪ್ರಶ್ನೆಯನ್ನು ಬೇಕಾದಷ್ಟು ಸಲ ಕೇಳಿಸಿಕೊಂಡಿದ್ದಾನೆ. ಅಂಗಿಯ ಗುಂಡಿ ತಿರುವುತ್ತ, "ಸುಮ್ನೆ ನೋಡ್ಕೊಂಡು ಹೋಗೋಣ ಅಂತ..." ಎಂದ.

"ನೋಡಿ ನೋಡಿ. ಇಲ್ಲಿಂದ್ಲೇ ಚೆನ್ನಾಗಿ ಕಾಣ್ತದೆ." ಯಜಮಾನರ ಕೈ ಮೆಲ್ಲಗೆ ಗೇಟಿನ ಮೇಲೆ ಹೋಯಿತು. ಗದರಲಿಲ್ಲ. ಈಗ ಯಾರೂ ಗದರುವುದಿಲ್ಲ.

"ಬಾರವ್ವ, ಆಟೊ ಕಾಯ್ತೈತೆ" ಎಂದು ಮಗ ತೋಳು ಹಿಡಿದ. ಹಾಲಮ್ಮ ಬಿಡಿಸಿಕೊಂಡಳು.

"ನನ್ನ ಕೇಳಿ ಸ್ವಾಮಿ, ಅವನಿಗೇನು ಗೊತ್ತು. ನಾವು ಇದರ ಹೂಳೆತ್ತಿದೋರ ಪೈಕಿ. ಓಬಳಪ್ಪನ ಮಗಳು. ಈಗ ಗೇಟು ಬಿಡಿ."

ಅವರು ಬಿಡಲಿಲ್ಲ, ಬಿಗಿಯಾಗಿ ಹಿಡಿಯಲೂ ಇಲ್ಲ. ಯಶೋಧರಾ ಕಂಬಿಗೆ ಕೈ ಹಾಕಿ ತಳ್ಳಿದಳು. ಅಜ್ಜಿ ಕೂತುಕೂತೇ ಮೆಟ್ಟಿಲಿಳಿದಳು. ಮುಖ ತೊಳೆಯುತ್ತಿದ್ದವರು ಬದಿಗೆ ಸರಿದರು; ಜಾಗ ಬಿಡಲಿಕ್ಕೋ ದೂರ ಆಗಲಿಕ್ಕೋ, ಅವರೇ ಹೇಳಬೇಕು. ನೀರು ಕಾಲುಗಂಟು ಮುಚ್ಚಿತು. ಹಾಲಮ್ಮ ಅಳಲಿಲ್ಲ, ಕೈ ಮುಗಿಯಲಿಲ್ಲ. "ತಣ್ಣಗೈತೆ" ಅಂದಳು.

ಮೇಲೆ ಯಜಮಾನರು ಫೋನಿನಲ್ಲಿ ಯಾರಿಗೋ, "ಸ್ವಲ್ಪ ಬಾರೋ ಇಲ್ಲಿ" ಎನ್ನುತ್ತಿದ್ದರು. ಚಂದ್ರಕುಮಾರ್ ಗೇಟಿಗೂ ಆಟೊಗೂ ನಡುವೆ ಶತಪಥ ಹಾಕುತ್ತಿದ್ದ.

"ಇನ್ನೊಂಚೂರು ಇರ್ತೀನಿ ಕಣೋ" ಎಂದಳು ಅವ್ವ ಕೆಳಗಿನಿಂದ.

ಯಾರ ಪೈಕಿ ಎಂದು ನೀವೂ ಕೇಳಿದ್ದೀರಿ. ಕಾಫಿ ಕೊಡುವ ಮೊದಲು, ಮನೆ ಬಾಡಿಗೆಗೆ ಕೊಡುವ ಮೊದಲು, ನಗುನಗುತ್ತಲೇ ಕೇಳಿದ್ದೀರಿ. ಇವತ್ತೇ ನಿಲ್ಲಿಸಿ. ನಾಲಿಗೆ ತುದಿಗೆ ಬಂದರೂ ನುಂಗಿಕೊಳ್ಳಿ. ಗೇಟಿನ ಮೇಲಿಟ್ಟ ಕೈ ತೆಗೆಯಿರಿ.