ಪೊಲಿಕ್ಸೇನಿಯ ಬಸ್ಸು

ಮರ ಬೇಕೋ ಬಸ್ಸು ಬೇಕೋ ಎಂದು ಕೇಳಿದರೆ ಬುದ್ಧಿ ನೆಟ್ಟಗಿರುವ ಯಾವ ಊರಾದರೂ ಬಸ್ಸು ಎನ್ನುತ್ತದೆ. ಮೇಲಿನ ಪಲಿಯೂರಿಯ ಗಂಡಸರು ಮರ ಎಂದರು. ಹನ್ನೊಂದು ಜನ ಕೂತು, ಕೈಯೆತ್ತಿ, ಒಕ್ಕೊರಲಿನಿಂದ ಮರ ಎಂದರು. ಅದೂ ಎಲ್ಲಿ ಕೂತು? ಪೊಲಿಕ್ಸೇನಿಯ ಕಾಫಿ ಅಂಗಡಿಯಲ್ಲಿ, ಅವಳ ಕುರ್ಚಿಗಳ ಮೇಲೆ, ಅವಳೇ ಕಾಸಿಕೊಟ್ಟ ಕಾಫಿ ಹೀರುತ್ತ!

ವಿಷಯ ಇಷ್ಟೇ. ಎಪಿರಸ್ ಸೀಮೆಯ ಆ ಬೆಟ್ಟದ ದಾರಿಯಲ್ಲಿ ಏದುಸಿರು ಬಿಡುತ್ತ ಬರುತ್ತಿದ್ದ ಗಿಡ್ಡ ಬಸ್ಸು ಮುದಿಯಾಯಿತು. ಪಟ್ಟಣದವರು ಅದರ ಜಾಗಕ್ಕೆ ಉದ್ದನೆಯ ಹೊಸ ಬಸ್ಸು ಬಿಟ್ಟರು. ಊರ ಚೌಕವನ್ನೆಲ್ಲ ಆವರಿಸಿದ್ದ ಅಗಲ ಎಲೆಯ ಪ್ಲಾತಾನ ಮರದ ಕೆಳಗೆ ತಿರುಗಿಕೊಳ್ಳಲು ಅದಕ್ಕೆ ಆಗಲಿಲ್ಲ. ಮರ ಕಡಿಯಿರಿ, ಇಲ್ಲವಾದರೆ ಬಸ್ಸು ನಾಲ್ಕು ಕಿಲೋಮೀಟರ್ ಕೆಳಗೆ, ಕೆಳಗಿನ ಪಲಿಯೂರಿಯ ಸೇತುವೆಯ ಹತ್ತಿರವೇ ನಿಂತು ವಾಪಸ್ಸು ಹೋಗುತ್ತದೆ ಎಂದು ಕಾಗದ ಬಂತು.

"ನೆರಳಿಲ್ಲದಿದ್ರೆ ಬೇಸಿಗೇಲಿ ಎಲ್ಲಿ ಕೂರೋಣ ಪೊಲಿಕ್ಸೇನಿ?" ಎಂದ ಒಬ್ಬ ಮುದುಕ.

"ಒಲೆಯೊಳಗೆ ಹೋಗಿ ಕೂತ್ಕೊಳ್ಳಿ! ಬಸ್ಸಿಲ್ಲದ ಊರಿಗೆ ಯಾರು ಬರ್ತಾರೆ? ನಾಳೆ ಹೆಣ ಹೊರೋಕೂ ನಾಲ್ಕು ಜನ ಸಿಗಲ್ಲ ನಿಮಗೆ."

"ಹೊರೋ ಹೊತ್ತಿಗೆ ನಮಗೇನು ಗೊತ್ತಾಗುತ್ತೆ ಬಿಡು," ಎಂದು ಅವನು ನಕ್ಕ. ಉಳಿದ ಹತ್ತು ಜನವೂ ನಕ್ಕರು.

ಮಾರನೆಯ ಬೆಳಿಗ್ಗೆ ಪೊಲಿಕ್ಸೇನಿ ಸತ್ತ ಗಂಡನ ಗರಗಸ ಹುಡುಕಿ ತೆಗೆದಳು. ಅರವತ್ತಾರು ವರ್ಷದ, ಮಂಡಿನೋವಿನ ಹೆಂಗಸು ಕುರ್ಚಿ ಹತ್ತಿ ನಿಂತು ತಾನೇ ಕೊಂಬೆ ಕೊಯ್ಯತೊಡಗಿದಳು. ಎರಡು ಬೆರಳಿನಷ್ಟು ಆಳ ಕೊಯ್ಯುವಷ್ಟರಲ್ಲಿ ಪಾದ್ರಿ ಓಡಿಬಂದು ಕೈ ಹಿಡಿದು ಇಳಿಸಿದರು. ಮುಂದಿನ ಸೋಮವಾರದಿಂದ ಬಸ್ಸು ಮೇಲೆ ಬರಲಿಲ್ಲ.

ಬಸ್ಸೇನು ಅವಳ ಅಪ್ಪನ ಮನೆಯದಲ್ಲ, ನಿಜ. ಆದರೆ ಮೂವತ್ತೆಂಟು ವರ್ಷ ಅದು ಅವಳ ಬಾಗಿಲಿಗೇ ಬಂದಿತ್ತು. ಆ ಕಡೆ, ಮಕ್ಕಳು ಪಟ್ಟಣದಲ್ಲಿದ್ದರೆ ತಾಯಂದಿರು ಅಡುಗೆ ಮಾಡಿ ಬಸ್ಸಿಗೆ ಹಾಕುತ್ತಾರೆ. ತೆಳು ಹಿಟ್ಟಿನ ಹಾಳೆಗಳ ನಡುವೆ ಸೊಪ್ಪು ತುಂಬಿ ಬೇಯಿಸಿದ ಪೀತಾ, ಅಕ್ಕಿ ತುಂಬಿದ ದೊಣ್ಣೆಮೆಣಸು, ಬಟ್ಟೆ ಸುತ್ತಿ ಗಂಟು ಬಿಗಿದ ಪಾತ್ರೆಗಳು. ವಾಪಸ್ಸು ಬರುವಾಗ ಖಾಲಿ ಪಾತ್ರೆ, ಔಷಧಿ, ರಿಪೇರಿಯಾದ ಕನ್ನಡಕ ಬರುತ್ತವೆ. ಎಲ್ಲ ಪೊಲಿಕ್ಸೇನಿಯ ಕೈಯಿಂದಲೇ ಹೋಗಬೇಕು, ಅವಳ ಕೈಗೇ ಬರಬೇಕು. ಕೆಳಗಿನ ಊರಿನಲ್ಲಿ ಬಸ್ಸು ನಿಲ್ಲುತ್ತಿರಲಿಲ್ಲ, ಅಲ್ಲಿಯವರ ಗಂಟುಗಳೂ ಮೇಲಕ್ಕೇ ಬರುತ್ತಿದ್ದವು. ಯಾರ ಮಗ ಇನ್ನೂ ಅಮ್ಮನ ಅಡುಗೆಯನ್ನೇ ತಿನ್ನುತ್ತಾನೆ, ಯಾರ ಸೊಸೆ ಪಾತ್ರೆ ತೊಳೆಯದೆ ಕಳಿಸುತ್ತಾಳೆ, ಎಲ್ಲ ಸಂಜೆಯೊಳಗೆ ಊರಿಗೆ ಗೊತ್ತಾಗುತ್ತಿತ್ತು. ಅವಳಿಗೆ ಮಕ್ಕಳಿರಲಿಲ್ಲ. ಗಂಡ ಅಪೊಸ್ತೊಲಿಸ್ ತೀರಿಕೊಂಡು ಒಂಬತ್ತು ವರ್ಷ. ಪಾತ್ರೆ ಕಳಿಸಲು ತನ್ನವರೆಂಬುವರು ಯಾರೂ ಇಲ್ಲದ ಹೆಂಗಸು ಎರಡೂ ಊರಿನ ಪಾತ್ರೆಗಳನ್ನು ಎತ್ತಿ ಇಳಿಸಿ ಹೇಗೋ ತುಂಬಿದ ಮನೆಯವಳಂತೆ ಬದುಕಿದ್ದಳು.

ಬಸ್ಸು ಕೆಳಗೆ ನಿಂತದ್ದು ಬೇರೆ ಯಾರದೋ ಬಾಗಿಲಲ್ಲಿ ಆಗಿದ್ದರೆ ಎರಡು ದಿನ ಅತ್ತು ಸುಮ್ಮನಾಗುತ್ತಿದ್ದಳೋ ಏನೋ. ಸೇತುವೆಯ ಪಕ್ಕದ ಅಂಗಡಿ ಲೆಮೋನಿಯಾಳದು. ಲೆಮೋನಿಯಾ ಎಂದರೆ ಅವಳ ವಾರಗಿತ್ತಿ, ಅಪೊಸ್ತೊಲಿಸನ ತಮ್ಮ ಲಾಂಬ್ರೋಸನ ಹೆಂಡತಿ. ಪಾಲಾದಾಗ ಅಣ್ಣನಿಗೆ ಮೇಲೂರಿನ ಮನೆ, ಚೌಕದ ಅಂಗಡಿ ಸಿಕ್ಕಿತು. ತಮ್ಮನಿಗೆ ಸಿಕ್ಕಿದ್ದು ಹೊಳೆಬದಿಯ ಕಲ್ಲುನೆಲ. ಆಗ ಊರೆಲ್ಲ ತಮ್ಮನಿಗಾಗಿ ಅಯ್ಯೋ ಪಾಪ ಎಂದಿತ್ತು. ಪೊಲಿಕ್ಸೇನಿಯೂ ಬಾಯಿ ತುಂಬ ಅಯ್ಯೋ ಪಾಪ ಎಂದಿದ್ದಳು. ಈಗ ನೋಡಿದರೆ ಕಲ್ಲುನೆಲಕ್ಕೇ ಬಸ್ಸು ಬಂತು.

ದಿನಾ ಹನ್ನೊಂದಕ್ಕೆ ಕೆಳಗಿನಿಂದ ಹಾರನ್ ಕೇಳುತ್ತಿತ್ತು. ಅದಕ್ಕಿಂತ ಹೆಚ್ಚು ಅವಳ ಹೊಟ್ಟೆ ಉರಿಸಿದವರು ಆ ಹನ್ನೊಂದು ಜನ ಗಂಡಸರು. ಮೊದಲ ವಾರ ಒಬ್ಬ, ಎರಡನೆಯ ವಾರ ಐವರು, ಮೂರನೆಯ ವಾರಕ್ಕೆ ಎಲ್ಲರೂ ಯಾರದೋ ಪಿಕಪ್ ಹತ್ತಿ ಸೇತುವೆಗೆ ಹೋಗಿ ಕೂರತೊಡಗಿದರು. ಪತ್ರಿಕೆ ಅಲ್ಲಿಗೆ ಬರುತ್ತದಂತೆ. ಪಟ್ಟಣದ ಸುದ್ದಿ ಅಲ್ಲಿಗೆ ಬರುತ್ತದಂತೆ. ನೆರಳು ಬೇಕೆಂದು ಕೈಯೆತ್ತಿದ ಮಹಾಶಯರು ನೆರಳನ್ನು ಅವಳ ಖಾಲಿ ಕುರ್ಚಿಗಳಿಗೆ ಬಿಟ್ಟು ಹೋದರು.

ಪಾಪ, ನಿಜಕ್ಕೂ ಕಷ್ಟಪಟ್ಟವರು ಮುದುಕಿಯರು. ಪಿಕಪ್ಪಿನಲ್ಲಿ ಅವರಿಗೆ ಜಾಗವಿರಲಿಲ್ಲ. ಪಕ್ಕದ ಮನೆಯ ಹರಿಕ್ಲಿಯಾ ರಕ್ತದೊತ್ತಡದ ಮಾತ್ರೆಗಾಗಿ ಕೋಲೂರಿಕೊಂಡು ನಾಲ್ಕು ಕಿಲೋಮೀಟರ್ ಇಳಿದು ಹತ್ತಬೇಕಾಯಿತು. ಪೀತಾ ಕಳಿಸುತ್ತಿದ್ದ ಎಷ್ಟೋ ತಾಯಂದಿರು ಒಲೆ ಹಚ್ಚುವುದನ್ನೇ ಕಡಿಮೆ ಮಾಡಿದರು.

"ನಾನೂ ಬರ್ತೀನಿ ಕಣೇ, ದಾರೀಲಿ ಬಿದ್ದುಗಿದ್ದೀಯ," ಎಂದಳು ಪೊಲಿಕ್ಸೇನಿ ಒಂದು ಗುರುವಾರ.

"ನಿನ್ನ ಮಂಡಿಗಿಂತ ನನ್ನ ಮಂಡಿ ವಾಸಿ," ಎಂದಳು ಹರಿಕ್ಲಿಯಾ. "ಅವಳ ಅಂಗಡಿ ನೋಡ್ಬೇಕು ಅಂತ ಬಾಯಿಬಿಟ್ಟು ಹೇಳು."

"ಅವಳ ಅಂಗಡೀಲಿ ನೋಡೋಕೇನಿದೆ ಮಣ್ಣು!"

ನೋಡಲು ಬೇಕಾದಷ್ಟಿತ್ತು. ಅಂಗಡಿಯ ಮುಂದೆ ಹೊಸ ನೀಲಿ ಚಪ್ಪರ, ಹೊಸ ಕುರ್ಚಿಗಳು. ಒಳಗೆ ಗೋಡೆಯುದ್ದಕ್ಕೆ ಗೂಡುಗಳು. ಪ್ರತಿ ಮನೆಗೊಂದು ಗೂಡು, ಅದರ ಮೇಲೆ ಹೆಸರಿನ ಚೀಟಿ. ಮೂವತ್ತೆಂಟು ವರ್ಷ ಎಲ್ಲರ ಗಂಟುಗಳನ್ನೂ ಒಂದೇ ಬೆಂಚಿನ ಮೇಲೆ ರಾಶಿ ಹಾಕಿದ್ದ ಪೊಲಿಕ್ಸೇನಿಗೆ ಈ ಯೋಚನೆ ಒಂದು ದಿನವೂ ಹೊಳೆದಿರಲಿಲ್ಲ. ಅದು ಅವಳಿಗೆ ಚಪ್ಪರಕ್ಕಿಂತ ಹೆಚ್ಚು ಚುಚ್ಚಿತು. ಮೂಲೆಯ ಮೇಜಿನಲ್ಲಿ ಡ್ರೈವರ್ ಫೋತಿಸ್ ಬಾಯಿ ತುಂಬ ತಿನ್ನುತ್ತ ಕೂತಿದ್ದ.

"ಓಹೋ, ಪೊಲಿಕ್ಸೇನಮ್ಮಾ! ಬನ್ನಿ ಬನ್ನಿ. ಲೆಮೋನಿಯಮ್ಮನ ಕೈಯ ಪೀತಾ ತಿಂದಿದ್ದೀರಾ? ಮೂರೇ ವಾರಕ್ಕೆ ನನ್ನ ಬೆಲ್ಟು ಒಂದು ತೂತು ಸಡಿಲ ಮಾಡ್ಬೇಕಾಯ್ತು ನೋಡಿ."

ಹದಿನಾಲ್ಕು ವರ್ಷ ಪೊಲಿಕ್ಸೇನಿಯ ಪೀತಾ ತಿಂದಾಗ ಈ ಬೆಲ್ಟು ಎಲ್ಲಿತ್ತೋ!

"ಬಾ ಅಕ್ಕ, ಕೂತ್ಕೋ," ಎಂದು ಲೆಮೋನಿಯಾ ಕೈ ಒರೆಸಿಕೊಳ್ಳುತ್ತ ಬಂದಳು. ಅವಳ ಕೆನ್ನೆ ಕೆಂಪಗಾಗಿತ್ತು, ಹತ್ತು ವರ್ಷ ಚಿಕ್ಕವಳಾದಂತೆ ಕಾಣುತ್ತಿದ್ದಳು. "ಹೇಗಿದೆ ಅಂಗಡಿ?"

"ತುಂಬ ಚೆನ್ನಾಗಿದೆ ಕಣೇ. ಎಷ್ಟು ಜನ, ಎಷ್ಟು ಓಡಾಟ! ನಿನ್ನ ಮುಖಾನೂ ಎಷ್ಟು ಕಳೆಕಳೆಯಾಗಿದೆ."

ಒಂದೊಂದು ಮಾತೂ ನಿಜ. ಆದರೆ ಆ ಊರುಗಳಲ್ಲಿ ಮಗುವನ್ನು ಹೊಗಳಿದರೂ, ಆಡಿನ ಕೆಚ್ಚಲು ಹೊಗಳಿದರೂ, ಕೊನೆಗೆ ಹೊಸ ಬಾಣಲೆ ಹೊಗಳಿದರೂ, ಹಿಂದೆಯೇ ಥೂ ಥೂ ಥೂ ಎಂದು ಮೂರು ಸಲ ಉಗುಳಬೇಕು. ಇಲ್ಲದಿದ್ದರೆ ಹೊಗಳಿದವರ ಕಣ್ಣು ಬೀಳುತ್ತದೆ. ಇದನ್ನು ಎರಡೂ ಊರಿಗೆ ಹೇಳಿಕೊಟ್ಟವಳೇ ಪೊಲಿಕ್ಸೇನಿ. ಆ ದಿನ ಅವಳು ಉಗುಳಲಿಲ್ಲ. ಮರೆತಳೋ, ಬಾಯಿ ಒಣಗಿತ್ತೋ, ಬೇಕೆಂದೇ ಬಿಟ್ಟಳೋ, ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಅರ್ಧ ಬೆಟ್ಟ ಹತ್ತಿದ ಮೇಲೆ ನೆನಪಾಯಿತು. ತಿರುಗಿ ಇಳಿಯಲಿಲ್ಲ.

ಶುಕ್ರವಾರ ಲೆಮೋನಿಯಾ ತಲೆ ಹಿಡಿದುಕೊಂಡು ಮಲಗಿದಳು. ಶನಿವಾರ ಅಂಗಡಿಯ ಬಾಗಿಲು ತೆಗೆಯಲಿಲ್ಲ. ಗಂಟುಗಳನ್ನು ಇಳಿಸಿಕೊಳ್ಳುವವರಿಲ್ಲದೆ ಫೋತಿಸ್ ಎಲ್ಲವನ್ನೂ, ಪಾದ್ರಿಗಳ ಸಕ್ಕರೆ ಕಾಯಿಲೆಯ ಔಷಧಿಯನ್ನೂ ಸೇರಿಸಿ, ಪಟ್ಟಣಕ್ಕೆ ವಾಪಸ್ಸು ಒಯ್ದ. ಸುದ್ದಿ ಕೇಳಿದಾಗ ಪೊಲಿಕ್ಸೇನಿಗೆ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಸುಳ್ಳೇಕೆ ಹೇಳಬೇಕು, ಆ ದಿನ ಅವಳು ಎರಡು ಲೋಟ ವೈನ್ ಕುಡಿದು ಊಟ ಮಾಡಿದಳು.

ಭಾನುವಾರ ಪೂಜೆ ಮುಗಿಯುವಷ್ಟರಲ್ಲಿ ಮೈದುನ ಲಾಂಬ್ರೋಸ್ ಪಿಕಪ್ ತಂದು ಚರ್ಚಿನ ಮುಂದೆ ನಿಲ್ಲಿಸಿದ.

"ಅತ್ತಿಗೆ, ಡಾಕ್ಟರಿಗೆ ತೋರಿಸಿದ್ವಿ. ಏನೂ ಇಲ್ಲ ಅಂದ್ರು. ದಿಂಬಿನಿಂದ ತಲೆ ಎತ್ತೋಕಾಗ್ತಿಲ್ಲ ಅವಳಿಗೆ. ಇದು ಕಣ್ಣೇ. ನೀವೇ ಬರಬೇಕು."

ಅವಳೇ ಹೋಗಬೇಕಿತ್ತು, ಯಾಕೆಂದರೆ ಬೇರೆ ಯಾರೂ ಇರಲಿಲ್ಲ. ಕಣ್ಣು ತೆಗೆಯುವ ಮಂತ್ರ ಹೆಂಗಸಿನಿಂದ ಹೆಂಗಸಿಗೆ ದಾಟುವುದಿಲ್ಲ. ಗಂಡಸು ಹೆಂಗಸಿಗೆ ಹೇಳಬೇಕು, ಹೆಂಗಸು ಗಂಡಸಿಗೆ. ಮಾವನವರು ಸಾಯುವ ಮುಂಚೆ ಹಿರಿಸೊಸೆಯನ್ನು ಕರೆದು ಹೇಳಿಕೊಟ್ಟರು, ಕಿರಿಸೊಸೆಯನ್ನು ಕರೆಯಲಿಲ್ಲ. ಬಸ್ಸು ಹೋದ ಮೇಲೆ ಜನ ಪೊಲಿಕ್ಸೇನಿಯ ಬಾಗಿಲು ತಟ್ಟಲು ಉಳಿದಿದ್ದ ಕಾರಣ ಇದೊಂದೇ. ಇದೂ ಹೋದರೆ ಅವಳು ಖಾಲಿ ಕುರ್ಚಿಗಳ ಮಧ್ಯೆ ಕೂತ ಒಬ್ಬ ಮುದುಕಿ, ಅಷ್ಟೇ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಪಿಕಪ್ ಹತ್ತಿದಳು. ಹರಿಕ್ಲಿಯಾ ಕರೆಯದೆಯೇ ಹತ್ತಿ ಕೂತಿದ್ದಳು, ಅವಳನ್ನು ತಡೆಯುವವರು ಯಾರು?

ಲೆಮೋನಿಯಾಳ ಮಂಚದ ಸುತ್ತ ಕೆಳಗಿನೂರಿನ ಮೂರು ಹೆಂಗಸರು ನಿಂತಿದ್ದರು. ಪೊಲಿಕ್ಸೇನಿ ತಟ್ಟೆಯಲ್ಲಿ ನೀರು ತರಿಸಿದಳು, ಬಟ್ಟಲಲ್ಲಿ ಆಲಿವ್ ಎಣ್ಣೆ. ಮಂತ್ರವನ್ನು ಬಾಯೊಳಗೇ ಹೇಳಿ, ಬೆರಳು ಅದ್ದಿ, ಒಂದೊಂದು ಹೆಸರಿಗೆ ಒಂದೊಂದು ಹನಿ ಬಿಡಬೇಕು. ಹನಿ ದುಂಡಗೆ ತೇಲಿದರೆ ಆ ಹೆಸರಿನವರದು ತಪ್ಪಿಲ್ಲ. ಹರಡಿ ಕರಗಿದರೆ ಕಣ್ಣು ಅವರದೇ. ಹೆಸರನ್ನು ಮಾತ್ರ ಎಲ್ಲರಿಗೂ ಕೇಳುವಂತೆ ಹೇಳಬೇಕು.

"ಕಟುಕನ ಹೆಂಡತಿ ಹೆಸರು ಹಾಕು. ಚಪ್ಪರ ನೋಡಿ ಮುಖ ಗಂಟು ಹಾಕಿಕೊಂಡಿದ್ಲು," ಎಂದಳು ಒಬ್ಬಳು.

ಹನಿ ದುಂಡಗೆ ತೇಲಿತು.

"ಫೋತಿಸನ ಹೆಂಡತಿ? ಗಂಡ ಇಲ್ಲಿ ಉಂಡು ಮನೇಲಿ ಊಟ ಬಿಟ್ಟಿದ್ದಾನಂತೆ."

ತೇಲಿತು.

"ನನ್ನ ಹೆಸರೂ ಹಾಕಿಬಿಡು, ನನಗೇನು ಭಯ," ಎಂದಳು ಹರಿಕ್ಲಿಯಾ. ಅದೂ ತೇಲಿತು. ಹರಿಕ್ಲಿಯಾಳಿಗೆ ಸ್ವಲ್ಪ ಬೇಜಾರೇ ಆಯಿತು.

ಪೊಲಿಕ್ಸೇನಿಗೆ ಆಕಳಿಕೆ ಶುರುವಾಯಿತು. ಕಣ್ಣು ತೆಗೆಯುವವರು ಆಕಳಿಸಿದಷ್ಟೂ ಬಿದ್ದ ಕಣ್ಣು ದೊಡ್ಡದು. ಅವಳು ದವಡೆ ಬಿದ್ದುಹೋಗುವಂತೆ ಆಕಳಿಸಿದಳು, ಕಣ್ಣಲ್ಲಿ ದಳದಳ ನೀರು ಬಂತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಶಿಲುಬೆಯ ಗುರುತು ಹಾಕಿಕೊಂಡರು.

ಹತ್ತು ಹೆಸರು ಮುಗಿದವು. ಇದು ಕಣ್ಣಲ್ಲ, ಪಟ್ಟಣದ ಆಸ್ಪತ್ರೆಗೆ ಕರ್ಕೊಂಡು ಹೋಗಿ ಎಂದು ಹೇಳಿ ಏಳಬಹುದಿತ್ತು. ಯಾರೂ ಅನುಮಾನಪಡುತ್ತಿರಲಿಲ್ಲ. ಇನ್ನೆರಡು ವಾರ ಅಂಗಡಿ ಮುಚ್ಚಿರಲಿ, ಆ ಗೂಡುಗಳಲ್ಲಿ ಧೂಳು ಕೂರಲಿ ಎಂದು ಅವಳ ಒಳಗೊಬ್ಬಳು ಹೇಳುತ್ತಲೂ ಇದ್ದಳು.

"ಅಕ್ಕಾ, ತಲೆ ಸೀಳ್ತಾ ಇದೆ," ಎಂದಳು ಲೆಮೋನಿಯಾ. ಹಣೆಗೆ ಕಟ್ಟಿದ್ದ ಬಟ್ಟೆ ಒದ್ದೆಯಾಗಿತ್ತು, ತುಟಿ ಬೆಳ್ಳಗಾಗಿತ್ತು. ಅವಳು ಪೊಲಿಕ್ಸೇನಿಯ ಕಪ್ಪು ಲಂಗದ ತುದಿ ಹಿಡಿದುಕೊಂಡಳು.

ಪೊಲಿಕ್ಸೇನಿ ಬೆರಳು ಅದ್ದಿದಳು. "ಪೊಲಿಕ್ಸೇನಿ," ಎಂದಳು.

ಹನಿ ನೀರಿಗೆ ಬಿದ್ದದ್ದೇ ತಡ, ತಟ್ಟೆಯ ತುಂಬ ಹರಡಿ ಮಾಯವಾಯಿತು.

ಹರಿಕ್ಲಿಯಾ, "ಅಯ್ಯಯ್ಯೋ, ಬೇಲಿನೇ ಎದ್ದು ಹೊಲ ಮೇಯ್ತಲ್ಲೇ!" ಎಂದಳು. ಕೆಳಗಿನೂರಿನ ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು. ಪೊಲಿಕ್ಸೇನಿ ಯಾರ ಮುಖವನ್ನೂ ನೋಡಲಿಲ್ಲ. ಆ ನೀರನ್ನು ಲೆಮೋನಿಯಾಳ ಹಣೆಗೆ, ಕೆನ್ನೆಗೆ, ಗಲ್ಲಕ್ಕೆ ಹಚ್ಚಿ, ಗುರುವಾರದಿಂದ ಬಾಕಿಯಿದ್ದ ಮೂರು ಉಗುಳನ್ನು ಈಗ ಉಗುಳಿದಳು. "ಹೊಟ್ಟೆ ಉರಿತು ಕಣೇ. ಈಗ್ಲೂ ಉರೀತಿದೆ. ಇನ್ನು ಮುಂದೆ ಯಾರನ್ನೂ ನನ್ನ ಹತ್ರ ಕಳಿಸಬೇಡಿ," ಎಂದು ತಟ್ಟೆ ಎತ್ತಿಕೊಂಡು ಹೊರಟಳು.

"ಕೂತ್ಕೋ ಅಕ್ಕ," ಎಂದಳು ಲೆಮೋನಿಯಾ. ಅವಳು ಮೊಣಕೈ ಊರಿ ಎದ್ದು ಕೂತಿದ್ದಳು. ಮೂರು ದಿನದಲ್ಲಿ ಮೊದಲ ಸಲ ಕಣ್ಣು ಪೂರ್ತಿ ತೆರೆದಿದ್ದಳು. "ಮೂವತ್ತೆಂಟು ವರ್ಷ ಆ ಬಸ್ಸು ನನ್ನ ಬಾಗಿಲ ಮುಂದೇನೇ ಹಾದು ನಿನ್ನ ಹತ್ರ ಹತ್ತಿ ಬರ್ತಿತ್ತು. ಒಂದು ದಿನ ನಿಲ್ತಾ? ಧೂಳು ಎಬ್ಬಿಸಿಕೊಂಡು ಹೋಗೋದು, ಧೂಳು ಎಬ್ಬಿಸಿಕೊಂಡು ಬರೋದು. ನಾನು ದಿನಾ ಸೇತುವೆ ಮೇಲೆ ನಿಂತು ನೋಡ್ತಿದ್ದೆ. ಮಾವ ಮಂತ್ರಾನೂ ನಿನಗೇ ಕೊಟ್ರು, ಬಸ್ಸೂ ನಿನ್ನದೇ. ಮೂವತ್ತೆಂಟು ವರ್ಷ ಒಂದು ದಿನ ಬಿಡದೆ ಕಣ್ಣು ಹಾಕಿದ್ದೀನಿ ಕಣಕ್ಕ. ಒಂದು ಸಲಾನೂ ಉಗುಳಲಿಲ್ಲ. ನಿನ್ನ ಬಸ್ಸು ಇಳಿದದ್ದು ಮರದಿಂದಲ್ಲ, ನನ್ನಿಂದ."

ಲಾಂಬ್ರೋಸ್ ಬಾಗಿಲಲ್ಲಿ ನಿಂತವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಒಬ್ಬ ಹೆಂಗಸು ನಕ್ಕುಬಿಟ್ಟಳು, ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು. ಲೆಮೋನಿಯಾ ಕಾಲು ಕೆಳಗಿಟ್ಟು, "ನಾಳೆ ಅಂಗಡಿ ತೆಗೀತೀನಿ, ಪಾದ್ರಿಗಳ ಔಷಧಿ ಬಂದುಬಿಡುತ್ತೆ," ಎಂದಳು. ತಲೆನೋವು ಹೊರಟುಹೋಗಿತ್ತು.

ಪೊಲಿಕ್ಸೇನಿ ತಟ್ಟೆ ಹಿಡಿದುಕೊಂಡೇ ಕುರ್ಚಿಯ ಮೇಲೆ ಕೂತಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಗು ಬರಬೇಕಿತ್ತು, ಅದೂ ಬರಲಿಲ್ಲ. ಅವಳು ಮನಸ್ಸಿನಲ್ಲೇ ಅಳೆದು ನೋಡುತ್ತಿದ್ದಳು. ಕಣ್ಣಿನ ವಿಷಯದಲ್ಲಿ ಎರಡೂ ಊರಿಗೆ ದೊಡ್ಡವಳು ಎನಿಸಿಕೊಂಡ ತನ್ನ ಕಣ್ಣಿಗೆ ಆದದ್ದೇನು, ಮೂರು ದಿನದ ತಲೆನೋವು. ಇವಳ ಕಣ್ಣಿಗೆ ಐವತ್ತು ಸೀಟಿನ ಬಸ್ಸೇ ಬೆಟ್ಟ ಇಳಿದು ಬಂತು.

ಇದರಲ್ಲೂ ಇವಳದೇ ಮೇಲುಗೈಯಾಯಿತಲ್ಲ ಎಂದು ಅವಳ ಹೊಟ್ಟೆ ಹೊಸದಾಗಿ ಉರಿಯತೊಡಗಿತು.